ಹೃದಯದ ಅಹವಾಲು, ನಾಳದ ಪಂಪು

ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ಎದುರಿನ ರಸ್ತೆ ದಾಟಿದರೆ ಜಿ.ಎಚ್. ಎಂದೇ ಊರೆಲ್ಲ ಕರೆಯುವ ಸರ್ಕಾರಿ ಜನರಲ್ ಆಸ್ಪತ್ರೆ, ಅದರ ಪಕ್ಕಕ್ಕೇ ಮದ್ರಾಸ್ ಮೆಡಿಕಲ್ ಕಾಲೇಜು. 1835ರಲ್ಲಿ ಶುರುವಾದ ಈ ಕಾಲೇಜಿಗೆ ನೂರು ವರ್ಷಗಳಿಗೂ ಹಿಂದೆ ಭೀಮವರಂ ಕಡೆಯ ಒಬ್ಬ ಬಡ ತೆಲುಗು ಯುವಕ ಸೇರಿದ್ದರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಓದಿನ ಖರ್ಚಿಗೆ ಗೆಳೆಯರು ಮತ್ತು ಮುಂದೆ ಮಾವನಾಗಲಿದ್ದವರು ಕೈ ಜೋಡಿಸಿದ್ದರು. ಗಾಂಧೀಜಿಯ ಕರೆಗೆ ಓಗೊಟ್ಟ ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೋಣೆಗೆ ಖಾದಿ ಗೌನು ತೊಟ್ಟು ಹೋದರು. ಸರ್ಜರಿಯ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಸಾಹೇಬರಿಗೆ ಇದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದರೂ ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಲ್.ಎಂ.ಎಸ್. ಮದ್ರಾಸಿನ ಸರ್ಕಾರಿ ವೈದ್ಯಕೀಯ ಸೇವೆಯಲ್ಲೂ ಜಾಗ ಸಿಗಲಿಲ್ಲ. ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡಿಕೊಂಡಿದ್ದು, 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ನಿಗೆ ಹಡಗು ಹತ್ತಿದರು. ಮತ್ತೆ ಊರಿಗೆ ಬರಲೇ ಇಲ್ಲ.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯ ರಾತ್ರಿ ಪಾಳಿಯ ಆಳಾಗಿ ದುಡಿಯುತ್ತ, ಹಾರ್ವರ್ಡಿನ ಸೈರಸ್ ಫಿಸ್ಕೆ ಅವರ ಪ್ರಯೋಗಾಲಯ ಸೇರಿದ ಸುಬ್ಬರಾವ್ ಅಲ್ಲಿ ಮಾಡಿದ ಎರಡು ಕೆಲಸಗಳು ಈ ಲೇಖನಕ್ಕೆ ಬೇಕು. ಒಂದು, 1925ರಲ್ಲಿ ಪ್ರಕಟವಾದ ಫಿಸ್ಕೆ-ಸುಬ್ಬರಾವ್ ವಿಧಾನ. ರಕ್ತದಲ್ಲೋ ಮೂತ್ರದಲ್ಲೋ ಅಂಗಾಂಶದ ರಸದಲ್ಲೋ ಫಾಸ್ಫೇಟ್ ರೂಪದ ರಂಜಕ ಎಷ್ಟಿದೆ ಎಂದು ಬಣ್ಣದಿಂದ ಅಳೆಯುವ ಉಪಾಯ ಅದು. ಅಮೋನಿಯಂ ಮಾಲಿಬ್ಡೇಟ್ ಸೇರಿಸಿ, ಮೇಲೊಂದು ಅಪಕರ್ಷಕ ದ್ರಾವಣ ಹಾಕಿದರೆ ಕೊಳವೆಯಲ್ಲಿ ನೀಲಿ ಬಣ್ಣ ಏಳುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಎರಡನೆಯದು, 1929ರಲ್ಲಿ ಸ್ನಾಯುವಿನಿಂದ ಎಟಿಪಿ ಎಂಬ ಅಣುವನ್ನು ಬೇರ್ಪಡಿಸಿದ್ದು. ಅದೇ ಹೊತ್ತಿಗೆ ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದನ್ನು ಕಂಡಿದ್ದರು. ನಾವು ತಿಂದ ಅನ್ನ, ಮುದ್ದೆ, ಇಡ್ಲಿ ಎಲ್ಲವೂ ಕೊನೆಗೆ ಕೆಲಸಕ್ಕೆ ಬರುವುದು ಈ ಎಟಿಪಿಯ ರೂಪದಲ್ಲಿ. ಜೀವಕೋಶ ತನ್ನ ಬಹುತೇಕ ಖರ್ಚಿಗೆ ಎಟಿಪಿಯ ತುದಿಯ ಒಂದು ಫಾಸ್ಫೇಟನ್ನು ಮುರಿದು ಕೊಡುತ್ತದೆ.

ಸುಬ್ಬರಾವ್ ಆಮೇಲೆ ಲೆಡರ್ಲಿ ಕಂಪನಿಗೆ ಹೋಗಿ ಫೋಲಿಕ್ ಆಮ್ಲ, ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್, ಆನೆಕಾಲು ರೋಗಕ್ಕೆ ಡೈಈಥೈಲ್ ಕಾರ್ಬಮಜೀನ್ ಎಂದು ಒಂದರ ಮೇಲೊಂದು ಔಷಧಗಳ ಹಿಂದೆ ದುಡಿದು, 1948ರಲ್ಲಿ 53ನೇ ವಯಸ್ಸಿಗೆ ತೀರಿಕೊಂಡರು. ಅದೆಲ್ಲ ದೊಡ್ಡ ಕಥೆ. ಇಲ್ಲಿ ಹೇಳಹೊರಟಿರುವುದು ನಮ್ಮ ಹೃದಯದ ಒಂದು ಗುಣ. ಅದು ರಕ್ತ ನೂಕುವುದರ ಜೊತೆಗೆ ಹಾರ್ಮೋನನ್ನೂ ಸುರಿಸುತ್ತದೆ. ಆ ಹಾರ್ಮೋನು ರಕ್ತನಾಳದ ಬಿಗಿ ಸಡಿಲಿಸುವುದು ಒಂದು ಮಟ್ಟಿಗೆ ಕೋಶಪೊರೆಯಲ್ಲಿ ಕೂತ ಅಯಾನು ಪಂಪುಗಳ ಕೈಯಿಂದ. ಆ ಪಂಪು ನಡೆಯುವುದು ಸುಬ್ಬರಾವ್ ಕಂಡ ಎಟಿಪಿಯಿಂದ. ಆ ಪಂಪು ಎಷ್ಟು ಜೋರಾಗಿ ನಡೆಯುತ್ತಿದೆ ಎಂದು ಅಳೆಯಲು ಪ್ರಯೋಗಾಲಯಗಳು ದಶಕಗಳ ಕಾಲ ಹಿಡಿದದ್ದು ಅವರದೇ ನೀಲಿ ಬಣ್ಣದ ಹಾದಿ. ಹೃದಯದ ಶಸ್ತ್ರಚಿಕಿತ್ಸೆಗೆಂದು ದೇಶವೆಲ್ಲ ಬಂದಿಳಿಯುವ ಈ ಊರು ತನ್ನದೇ ಮೆಡಿಕಲ್ ಕಾಲೇಜಿನ ಈ ಹಳೆಯ ವಿದ್ಯಾರ್ಥಿಯನ್ನು ಇನ್ನಷ್ಟು ನೆನೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಹೃತ್ಕರ್ಣದ ಕಾಳುಗಳು

ಹೃದಯಕ್ಕೂ ಮೂತ್ರಕ್ಕೂ ಏನು ಸಂಬಂಧ ಎಂದು ಕೇಳಿದರೆ ಹಿಂದಿನ ವೈದ್ಯರು ನಕ್ಕುಬಿಡುತ್ತಿದ್ದರು. ಆದರೆ 1956ರಲ್ಲಿ ಅಮೆರಿಕದಲ್ಲಿ ಹೆನ್ರಿ, ಗಾವರ್ ಮತ್ತು ಸಂಗಡಿಗರು ಅರಿವಳಿಕೆಯಲ್ಲಿದ್ದ ನಾಯಿಯ ಎಡ ಹೃತ್ಕರ್ಣದಲ್ಲಿ ಪುಟ್ಟ ಬಲೂನು ಉಬ್ಬಿಸಿ ನೋಡಿದರು. ಹೃದಯದ ಮೇಲಿನ ಕೋಣೆ ಹಿಗ್ಗಿದ್ದೇ ತಡ, ನಾಯಿಯ ಮೂತ್ರ ಹೆಚ್ಚಾಯಿತು. ನರದ ಮೂಲಕ ಮಿದುಳಿಗೆ ಸುದ್ದಿ ಹೋಗಿ ಹೀಗಾಗಿರಬೇಕು ಎಂದು ಆಗ ಅರ್ಥ ಮಾಡಿಕೊಂಡರು. ಅದೇ ವರ್ಷ ಬ್ರೂನೋ ಕಿಶ್ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೃತ್ಕರ್ಣದ ಸ್ನಾಯುಕೋಶಗಳ ಒಳಗೆ ಕಪ್ಪು ಕಾಳುಗಳನ್ನು ಕಂಡರು. 1964ರಲ್ಲಿ ಜೇಮಿಸನ್ ಮತ್ತು ಪಲಾಡೆ ಅವನ್ನು ಇನ್ನೂ ವಿವರವಾಗಿ ಬರೆದಿಟ್ಟರು. ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಲ್ಲಿ ಆ ಕಾಳುಗಳಿಲ್ಲ. ಹಾರ್ಮೋನು ತಯಾರಿಸುವ ಗ್ರಂಥಿಯ ಕೋಶಗಳಲ್ಲಿ ಕಾಣುವಂಥ ಈ ಕಾಳು ಹೃದಯದಲ್ಲಿ ಯಾಕೆ ಕೂತಿದೆ? ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ಬಂದದ್ದು ಕೆನಡಾದಿಂದ. ಅರ್ಜೆಂಟೀನದಲ್ಲಿ ಹುಟ್ಟಿ, ಒಂಟಾರಿಯೊದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಅಡಾಲ್ಫೊ ಡಿ ಬೋಲ್ಡ್ ವರ್ಷಗಟ್ಟಲೆ ಈ ಕಾಳುಗಳ ಬೆನ್ನು ಬಿದ್ದಿದ್ದರು. ಇಲಿಗೆ ನೀರು, ಉಪ್ಪು ಹೆಚ್ಚು ಕಡಿಮೆ ಮಾಡಿದರೆ ಕಾಳಿನ ಸಂಖ್ಯೆಯೂ ಬದಲಾಗುತ್ತದೆ ಎಂಬುದು ಅವರಿಗೆ ಸಿಕ್ಕ ಸುಳಿವು. ಇಲಿಗಳ ಹೃತ್ಕರ್ಣ ಅರೆದು, ರಸ ತೆಗೆದು, ಬೇರೆ ಇಲಿಗಳ ರಕ್ತಕ್ಕೆ ಚುಚ್ಚಿದರು. ಮೂತ್ರದಲ್ಲಿ ಸೋಡಿಯಂ 30 ಪಟ್ಟಿಗೂ ಮೀರಿ ಏರಿತು, ಮೂತ್ರದ ಪ್ರಮಾಣ 10 ಪಟ್ಟು ಹೆಚ್ಚಿತು, ರಕ್ತದೊತ್ತಡ ಇಳಿಯಿತು. ಹೃತ್ಕುಕ್ಷಿಯ ರಸ ಚುಚ್ಚಿದರೆ ಇದಾವುದೂ ಇಲ್ಲ. 1981ರಲ್ಲಿ ಅವರೂ ಟೊರಾಂಟೊದ ಸೋನೆನ್‌ಬರ್ಗ್ ಮತ್ತು ಜೊತೆಗಾರರೂ ಬರೆದ ಆ ಪುಟ್ಟ ಪ್ರಬಂಧ ಹೃದಯವನ್ನು ಗ್ರಂಥಿಗಳ ಸಾಲಿಗೆ ಸೇರಿಸಿತು. ಮೂರೇ ವರ್ಷದಲ್ಲಿ ಜಪಾನಿನ ಕಂಗಾವ ಮತ್ತು ಮಾತ್ಸುವೊ ಮನುಷ್ಯನ ಹೃದಯದಿಂದ ಆ ಪೆಪ್ಟೈಡನ್ನು ಶುದ್ಧ ಮಾಡಿ ತೆಗೆದರು. 28 ಅಮೈನೊ ಆಮ್ಲಗಳ ಸರ, ನಡುವೆ 17ರ ಒಂದು ಉಂಗುರ. ಏಟ್ರಿಯಲ್ ನೇಟ್ರಿಯುರೆಟಿಕ್ ಪೆಪ್ಟೈಡ್, ಚಿಕ್ಕದಾಗಿ ಎಎನ್‌ಪಿ. 1988ರಲ್ಲಿ ಅದೇ ಮಾತ್ಸುವೊ ತಂಡ ಹಂದಿಯ ಮಿದುಳಿನಲ್ಲಿ ಇದರ ತಮ್ಮನನ್ನು ಕಂಡಿತು: ಬಿಎನ್‌ಪಿ. ಅದರ ಮುಖ್ಯ ತಯಾರಕ ಮಿದುಳಲ್ಲ, ದಣಿದ ಹೃತ್ಕುಕ್ಷಿ ಎಂದು ಆಮೇಲೆ ಗೊತ್ತಾಯಿತು. 1990ರಲ್ಲಿ ಸಿಕ್ಕ ಮೂರನೆಯದು, ಸಿಎನ್‌ಪಿ, ಹೆಚ್ಚಾಗಿ ರಕ್ತನಾಳದ ಒಳಪದರವೇ ತಯಾರಿಸುವ ಸರಕು.

ಈ ಹಾರ್ಮೋನಿನ ಕೆಲಸವನ್ನು ಅನುಭವಿಸಿ ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಕೆರೆಯಲ್ಲೋ ಈಜುಕೊಳದಲ್ಲೋ ಕುತ್ತಿಗೆಮಟ್ಟ ನೀರಿನಲ್ಲಿ ಅರ್ಧ ಗಂಟೆ ನಿಂತವರಿಗೆ ಮೂತ್ರಕ್ಕೆ ಅವಸರವಾಗುವುದು ಗೊತ್ತೇ ಇದೆ. ಹೊರಗಿನ ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಗೆ ತಳ್ಳುತ್ತದೆ, ಹೃತ್ಕರ್ಣ ಹಿಗ್ಗುತ್ತದೆ, ಕಾಳುಗಳು ಒಡೆದು ಎಎನ್‌ಪಿ ರಕ್ತಕ್ಕೆ ಬೀಳುತ್ತದೆ. ಮಿದುಳಿನಿಂದ ಬರುವ ಮೂತ್ರ ತಡೆಯುವ ಹಾರ್ಮೋನು ಕಡಿಮೆಯಾಗುವುದೂ ಇದರ ಜೊತೆ ಸೇರುತ್ತದೆ. ಮೈಯಲ್ಲಿ ರಕ್ತ ಹೆಚ್ಚಾಗಿದೆ ಎಂದು ಹೃದಯ ತಪ್ಪಾಗಿ ತಿಳಿದುಕೊಂಡು ಇಳಿಸಲು ಹೊರಡುತ್ತದೆ, ಅಷ್ಟೇ.

ಈ ಹಾರ್ಮೋನು ಸುರಿಯಲು ನರ ಬೇಕಿಲ್ಲ ಎಂಬುದಕ್ಕೆ ಸಾಕ್ಷಿ ಹೃದಯ ಕಸಿ, ಅದರ ಒಂದು ಘಟನೆ ಚೆನ್ನೈನದೇ. 2008ರ ಸೆಪ್ಟೆಂಬರಿನಲ್ಲಿ ಮಿದುಳು ನಿಷ್ಕ್ರಿಯವಾದ ಹುಡುಗನೊಬ್ಬನ ಹೃದಯವನ್ನು ತೇನಾಂಪೇಟೆಯ ಆಸ್ಪತ್ರೆಯಿಂದ ಮೊಗಪ್ಪೇರಿಗೆ ಪೊಲೀಸರು ದಾರಿ ತೆರವು ಮಾಡಿಸಿ ತಲುಪಿಸಿದ್ದು, ಅಂಗದಾನದ ವಿಷಯದಲ್ಲಿ ತಮಿಳುನಾಡಿನ ಕಣ್ಣು ತೆರೆಸಿದ ಘಟನೆ. ಕಸಿ ಮಾಡುವಾಗ ಹೃದಯಕ್ಕೆ ಹೋಗುವ ನರಗಳೆಲ್ಲ ಕತ್ತರಿಸಿರುತ್ತವೆ. ಆದರೂ ಹೊಸ ಮೈಯಲ್ಲಿ ಆ ಹೃದಯ ಎಎನ್‌ಪಿ ಸುರಿಸುತ್ತಲೇ ಇರುತ್ತದೆ, ಕಸಿಯಾದವರ ರಕ್ತದಲ್ಲಿ ಅದು ಸಾಮಾನ್ಯರಿಗಿಂತ ಹೆಚ್ಚೇ ಸಿಗುತ್ತದೆ. ಹೃದಯ ಎಎನ್‌ಪಿಯ ಮೂಲಕ ಕಳಿಸುವ ಈ ಅಹವಾಲಿಗೆ ನರದ ತಂತಿ ಬೇಕಿಲ್ಲ.

ನಾಳದ ಗೋಡೆಯಲ್ಲಿ

ಅಹವಾಲು ತಲುಪಿತು. ಮುಂದೇನು? ನಿಜವಾದ ಸ್ವಾರಸ್ಯ ಇರುವುದು ಇಲ್ಲಿ.

ಅಪಧಮನಿಯ ಗೋಡೆಯಲ್ಲಿ ನಯಸ್ನಾಯುವಿನ ಕೋಶಗಳು ಸುತ್ತಿಕೊಂಡಿರುತ್ತವೆ. ಅವು ಬಿಗಿದರೆ ನಾಳ ಸಣ್ಣದಾಗುತ್ತದೆ, ಬಿಪಿ ಏರುತ್ತದೆ. ಬಿಗಿಸುವ ಗುಂಡಿ ಕ್ಯಾಲ್ಸಿಯಂ. ಸುಮ್ಮನಿರುವ ಕೋಶದ ಒಳಗಿನ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ. ಸ್ವಲ್ಪ ಒಳಗೆ ನುಗ್ಗಿದರೂ ಸಾಕು, ಕ್ಯಾಲ್ಮೊಡುಲಿನ್ ಎಂಬ ಪ್ರೋಟೀನು ಅದನ್ನು ಹಿಡಿದು, ಸ್ನಾಯುವಿನ ಎಳೆಗಳನ್ನು ಒಂದರ ಮೇಲೊಂದು ಜಾರಿಸುವ ಕಿಣ್ವವನ್ನು ಎಬ್ಬಿಸುತ್ತದೆ. ಹಾಗಾಗಿ ನಾಳ ಸಡಿಲಬೇಕಾದರೆ ಕ್ಯಾಲ್ಸಿಯಂ ಹೊರಗೆ ಹೋಗಬೇಕು, ಇಲ್ಲವೇ ಕೋಶದೊಳಗಿನ ಉಗ್ರಾಣಕ್ಕೆ ಸೇರಬೇಕು. ಎರಡೂ ಹತ್ತುವ ದಾರಿ, ಇಳಿಜಾರಿನದಲ್ಲ. ಪಂಪು ಬೇಕು.

ಎಎನ್‌ಪಿ ಕೋಶದ ಒಳಗೆ ಹೋಗುವುದೇ ಇಲ್ಲ. ಕೋಶಪೊರೆಯ ಹೊರಗೆ ಚಾಚಿಕೊಂಡಿರುವ ಗ್ರಾಹಕಕ್ಕೆ ಬಂದು ಕೂರುತ್ತದೆ. ಆ ಗ್ರಾಹಕದ ಒಳತುದಿಯೇ ಒಂದು ಕಿಣ್ವ. ಅದು ಎಚ್ಚೆತ್ತು ಸಿಜಿಎಂಪಿ ಎಂಬ ಪುಟ್ಟ ಅಣುವನ್ನು ರಾಶಿರಾಶಿಯಾಗಿ ತಯಾರಿಸುತ್ತದೆ. ಸಿಜಿಎಂಪಿ ಎಬ್ಬಿಸುವ ಪ್ರೋಟೀನ್ ಕೈನೇಸ್ ಜಿ ಎಂಬ ಮೇಸ್ತ್ರಿ ಹತ್ತು ಕಡೆ ಓಡಾಡಿ ಕೆಲಸ ಹಂಚುತ್ತದೆ. ಉಗ್ರಾಣದ ಬಾಗಿಲಲ್ಲಿ ಕ್ಯಾಲ್ಸಿಯಂ ಪಂಪಿನ ಕೈ ಹಿಡಿದು ನಿಂತಿರುವ ಫಾಸ್ಫೊಲಾಂಬಾನ್ ಎಂಬ ಪ್ರೋಟೀನನ್ನು ಅದು ಬಿಡಿಸುತ್ತದೆ, ಪಂಪು ಜೋರಾಗಿ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಪೊಟ್ಯಾಸಿಯಂ ಹೊರಹೋಗುವ ದೊಡ್ಡ ನಾಲೆಗಳನ್ನು ತೆರೆಸುತ್ತದೆ. ಉಗ್ರಾಣದಿಂದ ಕ್ಯಾಲ್ಸಿಯಂ ಸೋರದಂತೆ ತಡೆಯುತ್ತದೆ. ಸ್ನಾಯುವಿನ ಎಳೆಗಳನ್ನು ಬಿಡಿಸುವ ಕಿಣ್ವಕ್ಕೂ ಕೈಕೊಡುತ್ತದೆ.

ಈ ಎಲ್ಲದರ ಕೆಳಗೆ ಸದ್ದಿಲ್ಲದೆ ನಡೆಯುತ್ತಿರುವುದು ಸೋಡಿಯಂ-ಪೊಟ್ಯಾಸಿಯಂ ಪಂಪು. ಇದನ್ನು 1957ರಲ್ಲಿ ಜಗತ್ತಿಗೆ ತೋರಿಸಿದವರು ಡೆನ್ಮಾರ್ಕಿನ ಆರ್ಹಸ್ ಊರಿನ ಯೆನ್ಸ್ ಸ್ಕೌ. ಅವರು ಹುಡುಕುತ್ತಿದ್ದದ್ದು ಪಂಪನ್ನಲ್ಲ, ಅರಿವಳಿಕೆ ಔಷಧ ನರದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು. ಏಡಿಯ ಕಾಲಿನ ನರ ಅರೆದು ನೋಡುವಾಗ ಸೋಡಿಯಂ, ಪೊಟ್ಯಾಸಿಯಂ ಎರಡೂ ಇದ್ದರೆ ಮಾತ್ರ ಎಟಿಪಿಯನ್ನು ಜೋರಾಗಿ ಮುರಿಯುವ ಕಿಣ್ವ ಸಿಕ್ಕಿತು. ನಲವತ್ತು ವರ್ಷ ಕಳೆದ ಮೇಲೆ, 1997ರಲ್ಲಿ, ಅವರಿಗೆ ನೊಬೆಲ್ ಬಂತು. ಒಂದು ಎಟಿಪಿ ಮುರಿದಾಗಲೆಲ್ಲ ಈ ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಸುಮ್ಮನೆ ಮಲಗಿದ ಮನುಷ್ಯ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಈ ಒಂದೇ ಪಂಪಿಗೆ ಹೋಗುತ್ತದೆ.

ಸೋಡಿಯಂ ಹೊರಹಾಕಿದರೆ ಕ್ಯಾಲ್ಸಿಯಂ ಹೇಗೆ ಕಡಿಮೆಯಾಗುತ್ತದೆ? ಚೆನ್ನೈನ ಯಾವುದೇ ಫ್ಲಾಟಿನಲ್ಲಿ ಬೆಳಿಗ್ಗೆ ಮೋಟಾರು ಹಾಕಿ ಸಂಪಿನ ನೀರನ್ನು ಟೆರೇಸಿನ ತೊಟ್ಟಿಗೆ ಏರಿಸುತ್ತಾರೆ. ಕರೆಂಟು ಉರಿಯುವುದು ಆಗ ಮಾತ್ರ. ಆಮೇಲೆ ಇಡೀ ದಿನ ನಲ್ಲಿ ತಿರುಗಿಸಿದರೆ ಸಾಕು, ನೀರು ತಾನೇ ಇಳಿಯುತ್ತದೆ. ಕೋಶದಲ್ಲೂ ಎಟಿಪಿ ಸುಟ್ಟು ಸೋಡಿಯಮ್ಮನ್ನು ಹೊರಗೆ ಏರಿಸಿಟ್ಟಿದ್ದರೆ, ಅದು ಮತ್ತೆ ಒಳಗೆ ಇಳಿಯುವ ರಭಸದಲ್ಲಿ ಇನ್ನೊಂದು ಪ್ರೋಟೀನು ಕ್ಯಾಲ್ಸಿಯಮ್ಮನ್ನು ಪುಕ್ಕಟೆಯಾಗಿ ಹೊರಗೆ ದಾಟಿಸುತ್ತದೆ. ಪಂಪಿಗೆ ಇನ್ನೊಂದು ಗುಣವೂ ಉಂಟು. ಮೂರು ಧನ ಅಯಾನು ಹೊರಗೆ, ಎರಡು ಒಳಗೆ ಎಂದರೆ ಪ್ರತಿ ಸುತ್ತಿಗೂ ಕೋಶದ ಒಳಗು ಸ್ವಲ್ಪ ಹೆಚ್ಚು ಋಣವಾಗುತ್ತದೆ. ಒಳಗು ಋಣವಾದಷ್ಟೂ ವೋಲ್ಟೇಜಿಗೆ ತೆರೆಯುವ ಕ್ಯಾಲ್ಸಿಯಂ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಎರಡು ಕಡೆಯಿಂದಲೂ ನಾಳಕ್ಕೆ ಬಿಡುಗಡೆ.

ಆಡಿನ ನಾಳ, ಗ್ರಾಂ ಲೆಕ್ಕ

ಇದನ್ನು ಕಣ್ಣಾರೆ ಕಾಣುವುದು ಹೇಗೆ? ನಮ್ಮ ದೇಶದ ಪಶುವೈದ್ಯ ಮತ್ತು ವೈದ್ಯಕೀಯ ಕಾಲೇಜುಗಳ ಔಷಧಶಾಸ್ತ್ರ ವಿಭಾಗಗಳಲ್ಲಿ ಆರ್ಗನ್ ಬಾತ್ ಎಂಬ ಸಲಕರಣೆ ಇರುತ್ತದೆ. ಚೆನ್ನೈನ ವೇಪೇರಿಯಲ್ಲಿ 1903ರಿಂದ ಇರುವ ಮದ್ರಾಸ್ ಪಶುವೈದ್ಯ ಕಾಲೇಜಿನಂಥ ಹಳೆಯ ಸಂಸ್ಥೆಗಳ ಪರಂಪರೆಯ ಭಾಗ ಇದು. ದುಬಾರಿ ಪ್ರಾಣಿ ಬೇಕಿಲ್ಲ. ಕಸಾಯಿಖಾನೆಯಿಂದ ಆಡು ಕುರಿಗಳ ನಾಳವನ್ನು ಐಸಿನ ಮೇಲಿಟ್ಟ ದ್ರಾವಣದಲ್ಲಿ ತಂದರೆ ಕೆಲಸ ನಡೆಯುತ್ತದೆ.

ಸುತ್ತಲಿನ ಕೊಬ್ಬು, ಎಳೆ ಎಲ್ಲ ಬಿಡಿಸಿ, ನಾಳವನ್ನು ಎರಡು ಮೂರು ಮಿಲಿಮೀಟರ್ ಉಂಗುರವಾಗಿ ಕತ್ತರಿಸುತ್ತಾರೆ. ಒಳಪದರ ಗೀರಿ ಹೋಗದಂತೆ ಕತ್ತರಿ ಆಡಿಸುವುದೇ ಕೈಚಳಕ. ಉಂಗುರದೊಳಗೆ ಎರಡು ಉಕ್ಕಿನ ಕೊಕ್ಕೆ. ಕೆಳಗಿನದು ಗಾಜಿನ ತಳಕ್ಕೆ ಬಿಗಿದಿರುತ್ತದೆ, ಮೇಲಿನದು ದಾರದಿಂದ ಎಳೆತ ಅಳೆಯುವ ಯಂತ್ರಕ್ಕೆ. ಸುತ್ತಲೂ ಲವಣದ ದ್ರಾವಣ 37 ಡಿಗ್ರಿಯಲ್ಲಿ, ಕೆಳಗಿನಿಂದ ಗುಳುಗುಳು ಏಳುವ ಅನಿಲದಲ್ಲಿ 95 ಪಾಲು ಆಮ್ಲಜನಕ, 5 ಪಾಲು ಇಂಗಾಲದ ಡೈಆಕ್ಸೈಡ್. ಒಂದೆರಡು ಗ್ರಾಂ ಎಳೆತ ಕೊಟ್ಟು, ಕಾಲು ಗಂಟೆಗೊಮ್ಮೆ ದ್ರಾವಣ ಬದಲಿಸುತ್ತ, ಉಂಗುರ ಸುಧಾರಿಸಿಕೊಳ್ಳಲು ಗಂಟೆಗೂ ಹೆಚ್ಚು ಬಿಡುತ್ತಾರೆ. ಆಮೇಲೆ ನಾರ್‌ಅಡ್ರಿನಲಿನ್‌ನಂಥದ್ದನ್ನು ಒಂದು ಹನಿ ಬಿಟ್ಟರೆ ಗೆರೆ ಮೇಲೇರುತ್ತದೆ. ಸತ್ತ ಆಡಿನ ನಾಳ ಇನ್ನೂ ಬಿಗಿಯಬಲ್ಲದು. ಮೇಲೆ ಎಎನ್‌ಪಿ ಹಾಕಿದರೆ ಗೆರೆ ನಿಧಾನಕ್ಕೆ ಇಳಿಯುತ್ತದೆ.

ಇಷ್ಟರಿಂದ ಪಂಪಿನ ಪಾಲು ಎಷ್ಟು ಎಂದು ತಿಳಿಯುವುದಿಲ್ಲ. ಅದಕ್ಕೊಂದು ಜಾಣ ಉಪಾಯವಿದೆ. ಪೊಟ್ಯಾಸಿಯಂ ಇಲ್ಲದ ದ್ರಾವಣ ಹಾಕುತ್ತಾರೆ. ಒಳಗೆ ತರಲು ಪೊಟ್ಯಾಸಿಯಮ್ಮೇ ಇಲ್ಲದ ಮೇಲೆ ಪಂಪು ನಿಲ್ಲಲೇಬೇಕು. ಕೋಶದಲ್ಲಿ ಸೋಡಿಯಂ ಕೂಡುತ್ತ ಹೋಗುತ್ತದೆ, ನಾಳ ತಾನೇ ಬಿಗಿಯುತ್ತದೆ. ಆಗ ಸ್ವಲ್ಪ ಪೊಟ್ಯಾಸಿಯಂ ಬಿಟ್ಟರೆ ನಿಂತ ಪಂಪುಗಳೆಲ್ಲ ಒಟ್ಟಿಗೆ ಹೊರಟು ನಾಳ ಸರ್ರನೆ ಸಡಿಲಾಗುತ್ತದೆ. ಈ ಸಡಿಲಿಕೆಯೇ ಪಂಪಿನ ಅಳತೆ. ಹಾರ್ಮೋನು ಹಾಕಿದಾಗ ಅದು ಹೆಚ್ಚಾಯಿತೇ, ಔಬೇನ್ ಎಂಬ ಪಂಪು ನಿಲ್ಲಿಸುವ ವಿಷ ಹಾಕಿದಾಗ ಅಳಿಸಿಹೋಯಿತೇ ಎಂದು ನೋಡಿದರೆ ಉತ್ತರ ಸಿಗುತ್ತದೆ. ಇನ್ನೊಂದು ದಾರಿ, ನಾಳವನ್ನು ಅರೆದು ಎಟಿಪಿ ಕೊಟ್ಟು ಎಷ್ಟು ಫಾಸ್ಫೇಟ್ ಉದುರಿತು ಎಂದು ಎಣಿಸುವುದು. ಅಲ್ಲಿ ಬರುವುದು ನಮ್ಮ ಸುಬ್ಬರಾವ್ ಅವರ ನೀಲಿ.

ಎಲ್ಲ ನಾಳಗಳೂ ಒಂದೇ ಉತ್ತರ ಕೊಡುವುದಿಲ್ಲ ಎಂಬುದನ್ನು ಹೇಳದಿದ್ದರೆ ಓದುಗರಿಗೆ ಮೋಸ. ಕೆಲವು ಪ್ರಾಣಿಗಳ ಕೆಲವು ನಾಳಗಳಲ್ಲಿ ಔಬೇನ್ ಹಾಕಿದರೆ ಹಾರ್ಮೋನಿನ ಸಡಿಲಿಕೆ ಗಣನೀಯವಾಗಿ ಕುಗ್ಗುತ್ತದೆ, ಇನ್ನು ಕೆಲವದರಲ್ಲಿ ಪೊಟ್ಯಾಸಿಯಂ ನಾಲೆಗಳದೇ ಮೇಲುಗೈ. ಇಲಿಯ ಕರುಳಿನ ಸಣ್ಣ ನಾಳಗಳಲ್ಲಿ ಸಿಎನ್‌ಪಿಯ ಕೆಲಸ ನಿಲ್ಲಿಸಬೇಕಾದರೆ ಪಂಪು ಮತ್ತು ಒಂದು ಬಗೆಯ ಪೊಟ್ಯಾಸಿಯಂ ನಾಲೆ ಎರಡನ್ನೂ ಒಟ್ಟಿಗೆ ಕಟ್ಟಬೇಕೆಂದು 2003ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು. ಇನ್ನೂ ವಿಚಿತ್ರ ಮೂತ್ರಪಿಂಡದ್ದು. ಅಲ್ಲಿನ ಕೊಳವೆಗಳಲ್ಲಿ ಇದೇ ಎಎನ್‌ಪಿ ಇದೇ ಸೋಡಿಯಂ ಪಂಪಿನ ವೇಗ ಇಳಿಸುತ್ತದೆ, ಉಪ್ಪು ರಕ್ತಕ್ಕೆ ಮರಳದೆ ಮೂತ್ರದಲ್ಲಿ ಹೋಗಲಿ ಎಂದು. ಒಂದೇ ಅಹವಾಲಿಗೆ ಕೆಲವು ನಾಳಗಳಲ್ಲಿ ಪಂಪು ಓಡುತ್ತದೆ, ಮೂತ್ರಪಿಂಡದಲ್ಲಿ ನಿಧಾನಿಸುತ್ತದೆ. ಎರಡರ ಫಲವೂ ಹೃದಯದ ಹೊರೆ ಇಳಿಯುವುದೇ.

ಔಬೇನ್ ಆಫ್ರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಗಿಡದ ವಿಷ. ನಮಗೆ ಅದರ ಬಂಧು ಬೇಲಿಯಲ್ಲೇ ಇದೆ. ತಮಿಳರು ಅರಳಿ ಎನ್ನುವ ಕಣಗಿಲೆ, ಅದರ ಹಳದಿ ಹೂವಿನ ಸೋದರ, ಎರಡರಲ್ಲೂ ಇದೇ ಪಂಪನ್ನು ಕಟ್ಟಿಹಾಕುವ ರಾಸಾಯನಿಕಗಳಿವೆ. ದೇವರ ತಲೆ ಏರುವ ಹೂವು ಹೊಟ್ಟೆಗೆ ಹೋಗಬಾರದು. 2024ರಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ಪ್ರಸಾದ ನೈವೇದ್ಯಗಳಲ್ಲಿ ಅರಳಿ ಬಳಸಬಾರದೆಂದು ತೀರ್ಮಾನಿಸಿದ್ದು ಸರಿಯಾದ ಕೆಲಸ. ಇದೇ ಜಾತಿಯ ರಾಸಾಯನಿಕವನ್ನು ಅತಿ ಸಣ್ಣ ಪ್ರಮಾಣದಲ್ಲಿ ಹೃದ್ರೋಗಿಗೆ ಡಿಗಾಕ್ಸಿನ್ ಮಾತ್ರೆಯಾಗಿ ವೈದ್ಯರು ಕೊಡುತ್ತಾರೆ. ಹೃದಯದ ಸ್ನಾಯುವಿನಲ್ಲಿ ಪಂಪು ಸ್ವಲ್ಪ ನಿಧಾನಿಸಿದರೆ ಕ್ಯಾಲ್ಸಿಯಂ ತುಸು ಹೆಚ್ಚಾಗಿ ಬಡಿತಕ್ಕೆ ಬಲ ಬರುತ್ತದೆ. ಮಾತ್ರೆಗೂ ವಿಷಕ್ಕೂ ನಡುವಿನ ಅಂತರ ಕಿರಿದು, ಅದಕ್ಕೇ ಡಿಗಾಕ್ಸಿನ್ ತೆಗೆದುಕೊಳ್ಳುವವರ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಮದ್ದಿನ ಅಡ್ಡದಾರಿ

ಹೃದಯವೇ ತಯಾರಿಸುವ ಮದ್ದು ಸಿಕ್ಕಿತೆಂದ ಮೇಲೆ ಕಂಪನಿಗಳು ಸುಮ್ಮನಿರುತ್ತವೆಯೇ? ಜಪಾನಿನಲ್ಲಿ ಎಎನ್‌ಪಿಯನ್ನೇ ಕಾರ್ಪೆರಿಟೈಡ್ ಎಂಬ ಔಷಧವಾಗಿ 1995ರಿಂದ ಕೊಡುತ್ತಿದ್ದಾರೆ. ಅಮೆರಿಕದಲ್ಲಿ 2001ರಲ್ಲಿ ಬಿಎನ್‌ಪಿಯ ರೂಪವಾದ ನೆಸಿರಿಟೈಡ್ ಬಂತು, ಭಾರಿ ಸದ್ದು ಮಾಡಿತು. 2011ರಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಸಾವನ್ನೂ ಮರುದಾಖಲಾತಿಯನ್ನೂ ಕಡಿಮೆ ಮಾಡಲಿಲ್ಲ. ಬಿಪಿ ಬೀಳುವುದು ಮಾತ್ರ ಹೆಚ್ಚಾಯಿತು. ಎಎನ್‌ಪಿ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ, ಬಿಎನ್‌ಪಿ ಸ್ವಲ್ಪ ಹೆಚ್ಚು. ಹೊರಗಿನಿಂದ ಎಷ್ಟು ಸುರಿದರೂ ಸೋರಿಹೋಗುವ ಸರಕು.

ಗೆದ್ದದ್ದು ಅಡ್ಡದಾರಿ ಹಿಡಿದವರು. ಈ ಹಾರ್ಮೋನನ್ನು ತುಂಡರಿಸುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನು ತಡೆದರೆ ಹೃದಯ ತಾನೇ ಸುರಿಸಿದ್ದು ಹೆಚ್ಚು ಹೊತ್ತು ಉಳಿಯುತ್ತದಲ್ಲ? ಸಾಕ್ಯುಬಿಟ್ರಿಲ್ ಎಂಬ ಮದ್ದು ಮಾಡುವುದು ಅದನ್ನೇ. ಅದೇ ಕಿಣ್ವ ನಾಳ ಬಿಗಿಸುವ ಆಂಜಿಯೊಟೆನ್ಸಿನ್ನನ್ನೂ ತುಂಡರಿಸುವುದರಿಂದ, ಜೊತೆಗೆ ಆ ಬಿಗಿತ ತಡೆಯುವ ವಾಲ್ಸಾರ್ಟನ್ ಸೇರಿಸಿದ್ದಾರೆ. 2014ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಹಳೆಯ ಮದ್ದಾದ ಎನಲಾಪ್ರಿಲ್‌ಗೆ ಹೋಲಿಸಿದರೆ ಹೃದಯದ ಕಾರಣದ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಶೇ 20ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಈ ಮಾತ್ರೆ ಬಂದಾಗ ಬೆಲೆ ಕೇಳಿ ಎಷ್ಟೋ ಮನೆಯವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡಿದ್ದಾರೆ. 2023ರ ಜನವರಿಯಲ್ಲಿ ಮೂಲ ಪೇಟೆಂಟ್ ಮುಗಿದ ಮೇಲೆ ಭಾರತೀಯ ಕಂಪನಿಗಳ ಮಾತ್ರೆಗಳು ಸಾಲುಗಟ್ಟಿ ಬಂದವು, ಬೆಲೆ ಇಳಿಯಿತು. ಸಂಶೋಧನೆಯ ಫಲ ಬಡವರ ಮನೆ ತಲುಪಲು ಪ್ರಯೋಗಾಲಯಕ್ಕಿಂತ ಪೇಟೆಂಟಿನ ತಾರೀಖು ಮುಖ್ಯವಾಗುವುದು ನಾಚಿಕೆಯ ವಿಷಯ, ಆದರೆ ನಿಜ.

ಚೆನ್ನೈನಲ್ಲಿ ಈ ಹಾರ್ಮೋನಿನ ಮೇಲೆ ಕೆಲಸ ನಡೆಯುತ್ತಿಲ್ಲವೆಂದಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಗಿಂಡಿ ಆವರಣದ ಜೀವರಸಾಯನ ವಿಭಾಗದಲ್ಲಿ ಇಳಂಗೋವನ್ ವೆಳ್ಳೈಚಾಮಿ ಅವರ ತಂಡ, ಹೃದಯ ದಪ್ಪಗಾಗುವಾಗ ಎಎನ್‌ಪಿಯ ಗ್ರಾಹಕಕ್ಕೆ ಏನಾಗುತ್ತದೆ ಎಂಬುದರ ಮೇಲೆ ಪ್ರಾಣಿಗಳಲ್ಲಿ ಅಧ್ಯಯನ ಮಾಡಿದೆ. ಹಾರ್ಮೋನು ಹೆಚ್ಚಿದ್ದರೂ ಕೇಳುವ ಕಿವಿ ಕಡಿಮೆಯಾದರೆ ಪ್ರಯೋಜನವಿಲ್ಲ ಎಂಬುದು ಹೃದಯ ವೈಫಲ್ಯದ ದೊಡ್ಡ ಕಗ್ಗಂಟು.

ಕಿವಿ ಮಂದವಾಗುವುದಕ್ಕಿಂತ ಮೊದಲೇ ಹೊರೆ ಹೆಚ್ಚಿಸುವವರು ನಾವು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಗರದ ವಯಸ್ಕರು ದಿನಕ್ಕೆ ಸರಾಸರಿ 8.5 ಗ್ರಾಂ ಉಪ್ಪು ತಿನ್ನುತ್ತಿದ್ದರು; ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಉಪ್ಪು ಹೆಚ್ಚು ತಿಂದವರಲ್ಲಿ ಬಿಪಿಯೂ ಹೆಚ್ಚು. ಚಟ್ನಿಪುಡಿ, ಉಪ್ಪಿನಕಾಯಿ, ಸಂಡಿಗೆ ಬಿಡದ ನಾವು ಕನ್ನಡಿಗರು ಅವರನ್ನು ನೋಡಿ ನಗುವಂತಿಲ್ಲ. ಉಪ್ಪಿಗೂ ಈ ಹಾರ್ಮೋನಿಗೂ ಇರುವ ನಂಟು ಇಲಿಗಳಲ್ಲಿ ಕಂಡಿದೆ. 1995ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಲಿವರ್ ಸ್ಮಿಥೀಸ್ ಅವರ ತಂಡ ಎಎನ್‌ಪಿ ಜೀನ್ ಕಿತ್ತ ಇಲಿಗಳನ್ನು ಸೃಷ್ಟಿಸಿತು. ಜೀನಿನ ಎರಡೂ ಪ್ರತಿ ಕಳೆದುಕೊಂಡ ಇಲಿಗಳಿಗೆ ಬಿಪಿ ಏರಿತು. ಒಂದು ಪ್ರತಿ ಉಳಿದಿದ್ದ ಇಲಿಗಳು ಸಾಮಾನ್ಯ ಆಹಾರದಲ್ಲಿ ಸರಿಯಾಗಿಯೇ ಇದ್ದವು; ಉಪ್ಪು ಹೆಚ್ಚಿಸಿದಾಗ ಅವುಗಳಿಗೂ ಬಿಪಿ ಬಂತು. ಜೀನಿನ ಒಂದು ಪ್ರತಿಯನ್ನೇ ನೆಚ್ಚಿಕೊಂಡರೆ ಸಾಲದು, ಉಪ್ಪು ಕೂಡ ಹಿಡಿತದಲ್ಲಿರಬೇಕು.

ಕೊನೆಗೆ, ಮನೆಯಲ್ಲಿ ಹೃದಯ ವೈಫಲ್ಯದ ರೋಗಿ ಇರುವವರಿಗೆ ಕೆಲವು ಮಾತು. ಉಸಿರು ಕಟ್ಟಿದವರನ್ನು ತುರ್ತು ವಿಭಾಗಕ್ಕೆ ಕರೆದೊಯ್ದಾಗ ಬಿಎನ್‌ಪಿ ಅಥವಾ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತ ಪರೀಕ್ಷೆ ಬರೆಯುತ್ತಾರೆ. ಬಿಎನ್‌ಪಿ ಮಿಲಿಲೀಟರಿಗೆ 100 ಪಿಕೊಗ್ರಾಮಿಗಿಂತ, ಎನ್‌ಟಿ-ಪ್ರೊಬಿಎನ್‌ಪಿ 300ಕ್ಕಿಂತ ಕಡಿಮೆ ಇದ್ದರೆ ಆ ದಮ್ಮಿಗೆ ಹೃದಯ ಕಾರಣವಾಗಿರುವ ಸಾಧ್ಯತೆ ಕಡಿಮೆ. ವಯಸ್ಸು, ಮೂತ್ರಪಿಂಡದ ತೊಂದರೆ, ಲಯ ತಪ್ಪಿದ ಬಡಿತ ಇದ್ದರೆ ಅಂಕಿ ಏರಿರುತ್ತದೆ, ದಪ್ಪ ಮೈಯವರಲ್ಲಿ ಇಳಿದಿರುತ್ತದೆ. ಅಂಕಿ ನೋಡಿ ನೀವೇ ತೀರ್ಪು ಕೊಡಬೇಡಿ. ರೋಗಿ ಸಾಕ್ಯುಬಿಟ್ರಿಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಎನ್‌ಪಿ ಮದ್ದಿನಿಂದಲೇ ಏರಿರಬಹುದು, ಆಗ ನೋಡಬೇಕಾದದ್ದು ಎನ್‌ಟಿ-ಪ್ರೊಬಿಎನ್‌ಪಿ. ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗೂ ಸಾಕ್ಯುಬಿಟ್ರಿಲ್ ಮಾತ್ರೆಗೂ ನಡುವೆ 36 ಗಂಟೆ ಅಂತರ ಬೇಕು, ಎರಡನ್ನೂ ಒಟ್ಟಿಗೆ ನುಂಗಿದರೆ ಮುಖ ಗಂಟಲು ಊದಿಕೊಳ್ಳುವ ಅಪಾಯವಿದೆ. ಆಸ್ಪತ್ರೆಗೆ ಹೋಗುವಾಗ ಹಳೆಯ ಮಾತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೋಗಿ.